ಕೋಲಾರದ ಗ್ರೀಕ್ ಕ್ಲಾಸು: ಹತ್ತು ಶನಿವಾರ, ಒಂದು ಕ್ರಿಯಾಪದ

ಆ ಗ್ರೀಕ್ ಕ್ಲಾಸಿಗೆ ಹೋಗ್ತಿದ್ಯಲ್ಲ ಹೇಗಿತ್ತು, ನಾವೂ ಸೇರಬಹುದಾ ಅಂತ ನಮ್ಮ ಚರ್ಚ್ ಸಭೇಲಿ ಮೂರ್ನಾಲ್ಕು ಜನ ಕೇಳಿದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿದ್ರೆ ಅರ್ಧಂಬರ್ಧ ಆಗುತ್ತೆ ಅಂತ ಒಟ್ಟಿಗೆ ಬರೀತಾ ಇದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಲ್ಲಿ ಓದಿ.

ಕ್ಲಾಸ್ ನಡೆಯೋದು ಟೇಕಲ್ ರೋಡ್ ಕಡೆ ಒಂದು ಮನೆ ಮಹಡಿ ಮೇಲೆ, ಬೋರ್ಡ್ ಇಲ್ಲ, ಪ್ರಚಾರ ಇಲ್ಲ. ಶನಿವಾರ ಸಾಯಂಕಾಲ 5ರಿಂದ 7, ಹತ್ತು ವಾರ, ಫೀಸು 1,200, ಜೆರಾಕ್ಸ್ ನೋಟ್ಸು ಅದರಲ್ಲೇ ಸೇರಿ. ಹೇಳಿಕೊಡೋರು ರಿಟೈರ್ಡ್ ಮೇಷ್ಟ್ರು. ಸರ್ಟಿಫಿಕೇಟ್ ಕೊಡಲ್ಲ. ನಮ್ಮ ಬ್ಯಾಚಲ್ಲಿ ಹದಿನಾಲ್ಕು ಜನ ಶುರು ಮಾಡಿದ್ವಿ, ಕೊನೇಲಿ ಉಳಿದಿದ್ದು ಒಂಬತ್ತು. ಹೋದವರು ಯಾಕೆ ಹೋದ್ರು ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಅವರು ಯಾವುದು ಬೇಡ ಅಂತ ಹೋದ್ರೋ ಅದಕ್ಕೇನೇ ನಾನು ಈ ಕ್ಲಾಸನ್ನ ಹೊಗಳ್ತಿರೋದು.

ನಾನು ಎಪಿಎಂಸೀಲಿ ಒಂದು ಟೊಮ್ಯಾಟೊ ಮಂಡೀಲಿ ಲೆಕ್ಕ ಬರೆಯೋಳು. ಹದಿನೈದು ಕೆಜಿ ಬಾಕ್ಸಿನ ಲೆಕ್ಕ, ಹಮಾಲಿ, ಕಮಿಷನ್, ರೈತರಿಗೆ ಕೊಟ್ಟ ಅಡ್ವಾನ್ಸು, ಬಾಕಿ, ವಜಾ, ಇದೇ ದಿನಾ. ಭಾನುವಾರ ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಪಾಠ. ಒಂದಿನ ಏಳನೇ ಕ್ಲಾಸ್ ಹುಡುಗಿ ಒಬ್ಬಳು ಇಂಗ್ಲಿಷ್ ಬೈಬಲ್ ತಂದು "ಅಕ್ಕಾ, ಕರ್ತನ ಪ್ರಾರ್ಥನೇಲಿ ಇದ್ರಲ್ಲಿ ಸಾಲ ಅಂತ ಇದೆ, ನಾವು ತಪ್ಪು ಅಂತ ಹೇಳ್ತೀವಲ್ಲ, ಯಾವುದು ಸರಿ" ಅಂದಳು. ಕರ್ತನ ಪ್ರಾರ್ಥನೆ ಅಂದ್ರೆ ಯೇಸು ಶಿಷ್ಯರಿಗೆ ಹೇಳಿಕೊಟ್ಟಿದ್ದು, ಅದರಲ್ಲಿ ನಮ್ಮ ತಪ್ಪುಗಳನ್ನ ಕ್ಷಮಿಸು ಅನ್ನೋ ಮಾತಿದೆ. ನನ್ನ ಹತ್ರ ಉತ್ತರ ಇರಲಿಲ್ಲ. ಎರಡೂ ಒಂದೇ ಕಣಮ್ಮ ಅಂತ ಹೇಳಿ ಕಳಿಸಿದೆ. ಆದ್ರೆ ದಿನಾ ಸಾಲದ ಲೆಕ್ಕ ಬರೆಯೋ ನನಗೇ ಗೊತ್ತು, ಎರಡೂ ಒಂದೇ ಅಲ್ಲ. ಅದು ಮನಸ್ಸಲ್ಲಿ ಕೊರೀತಾನೇ ಇತ್ತು, ಸುವಾರ್ತೆಗಳನ್ನ ಮೊದಲು ಬರೆದಿದ್ದು ಗ್ರೀಕಲ್ಲೇ ಅಲ್ವಾ, ಅದಕ್ಕೇ ಸೇರಿದ್ದು.

ಮೊದಲ ಎರಡು ವಾರ ಬರೀ ಅಕ್ಷರ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ ಅಂತ ಮೇಷ್ಟ್ರು ಮೊದಲೇ ಹೇಳಿದ್ರು, ಗ್ರೀಕಿನ ಫಿ, ಥೀಟಾ, ಖಿ ಈ ಮೂರು ಅಕ್ಷರ ಹಳೇ ಕಾಲದ ಉಚ್ಚಾರಣೇಲಿ ನಮ್ಮ ಫ, ಥ, ಖ ಇದ್ದ ಹಾಗೇನೇ, ಅಂದ್ರೆ ಮಹಾಪ್ರಾಣ. ಇಂಗ್ಲಿಷ್ ಮಾತಾಡೋರಿಗೆ ಅದನ್ನ ಬಿಡಿಸಿ ಹೇಳ್ಬೇಕು, ನಾವು ಅಕ್ಷರಮಾಲೇಲೇ ಕಲ್ತಿರ್ತೀವಿ. ಇದು ಬರೀ ಉಚ್ಚಾರಣೆ ವಿಷಯ ಅಂದ್ಕೊಂಡಿದ್ದೆ, ಮೂರನೇ ವಾರ ಇದೇ ಬಾಗಿಲಾಯ್ತು.

ಮೂರನೇ ವಾರ ಬಂದಿದ್ದು ಅಫಿಯೇಮಿ ಅನ್ನೋ ಕ್ರಿಯಾಪದ, ಆ ಪ್ರಾರ್ಥನೇಲಿ ನಾವು ಕ್ಷಮಿಸು ಅನ್ನೋ ಜಾಗದಲ್ಲಿ ಗ್ರೀಕಲ್ಲಿರೋದು. ಮೂರರಿಂದ ಏಳನೇ ವಾರದ ತನಕ ಅದೇ ಪದ. ಅಷ್ಟರಲ್ಲೇ ಐದು ಜನ ಬಿಟ್ಟಿದ್ದು, ಒಂದೇ ಪದಕ್ಕೆ ಐದು ವಾರ ಯಾರು ಬರ್ತಾರೆ ಅಂತ. ನನಗೆ ಈ ಐದು ವಾರ ಸಾಲದು ಅನ್ನಿಸ್ತು.

ಪದದ ಹುಟ್ಟು ಮೊದಲು. ಅಪೊ ಅಂದ್ರೆ ದೂರಕ್ಕೆ, ಆಚೆಗೆ. ಹಿಯೇಮಿ ಅಂದ್ರೆ ಕಳಿಸು, ಹೋಗಗೊಡು. ಅಪೊ ಮುಂದೆ ಹಿಯೇಮಿ ಬಂದಾಗ ಅಪೊದ ಕೊನೆ ಒಕಾರ ಬಿದ್ದುಹೋಗುತ್ತೆ, ಉಳಿದ ಪಕಾರಕ್ಕೆ ಮುಂದಿನ ಹಕಾರ ಸೇರಿ ಫಕಾರ ಆಗುತ್ತೆ, ಅಫಿಯೇಮಿ. ಮೇಷ್ಟ್ರು ಬೋರ್ಡ್ ಮೇಲೆ ಪ್ ಬರೆದು ಪಕ್ಕ ಹ ಬರೆದು ಎರಡನ್ನೂ ಒರೆಸಿ ಫ ಬರೆದ್ರು, ಲೋಪಸಂಧಿ ಓದಿದೋರಿಗೆ ಇದಕ್ಕೆ ಬೇರೆ ವಿವರಣೆ ಬೇಕಾ ಅಂತ ಕೇಳಿದ್ರು. ಬೇಕಿರಲಿಲ್ಲ. ಕೊನೇಲಿ ಬರೋ ಮಿ ಅಂದ್ರೆ ನಾನು, ಸಂಸ್ಕೃತದ ನಮಾಮಿ, ಕರೋಮಿ ಇದೆಯಲ್ಲ ಆ ಮಿ, ಗ್ರೀಕಿನ ದಿದೋಮಿ ಸಂಸ್ಕೃತದ ದದಾಮಿ ಎರಡೂ ಒಂದೇ ಮೂಲದ್ದು.

ಇನ್ನು ಅರ್ಥ. ಇಲ್ಲಿ ಮೇಷ್ಟ್ರು ಅರ್ಥದ ಪಟ್ಟಿ ಕೊಡಲಿಲ್ಲ, ಮಾರ್ಕನ ಸುವಾರ್ತೆ ಮೊದಲನೇ ಅಧ್ಯಾಯ ತೆಗೆಸಿದ್ರು. 18ನೇ ವಚನ, ಸೀಮೋನ, ಅಂದ್ರೆಯ ಅನ್ನೋ ಇಬ್ಬರು ಮೀನುಗಾರರು ಬಲೆಗಳನ್ನ ಬಿಟ್ಟು ಯೇಸುವಿನ ಹಿಂದೆ ಹೋದ್ರು. 20ನೇ ವಚನ, ಯಾಕೋಬ ಯೋಹಾನ ಅಪ್ಪ ಜೆಬೆದಾಯನನ್ನ ದೋಣೀಲಿ ಬಿಟ್ಟು ಹೋದ್ರು. 31, ಸೀಮೋನನ ಅತ್ತೆಗೆ ಜ್ವರ ಬಿಟ್ಟಿತು. 34, ದೆವ್ವಗಳನ್ನ ಮಾತಾಡೋಕೆ ಬಿಡಲಿಲ್ಲ. ನಾಲ್ಕೂ ಕಡೆ ಗ್ರೀಕಲ್ಲಿ ಅಫಿಯೇಮಿ, ನಾಲ್ಕೂ ಕಡೆ ನಮ್ಮ ಬಾಯಲ್ಲಿ ತಾನಾಗೇ ಬಂದಿದ್ದು ಬಿಡು. ಇಂಗ್ಲಿಷಲ್ಲಿ ಇದಕ್ಕೆ ಬೇರೆ ಬೇರೆ ಪದ ಬೇಕಾಗುತ್ತೆ. ಮುಳಬಾಗಿಲಿಂದ ಬರೋ ಒಬ್ಬ ಅಣ್ಣ "ಮಾ ಇಂಟ್ಲೋ ಕೂಡಾ ಜ್ವರಂ ವದಿಲಿಂದಿ ಅನೇ ಅಂಟಾಮು" ಅಂದ್ರು, ಕೆಜಿಎಫ್‌ನ ಅಕ್ಕ ತಮಿಳಲ್ಲಿ "ಕಾಯ್ಚಲ್ ವಿಟ್ಟುಡ್ಚು" ಅಂದ್ರು. ನಮ್ಮ ಜಿಲ್ಲೆಯ ಮೂರು ಭಾಷೇಲೂ ಜ್ವರ ಬಿಡುತ್ತೆ, ಗ್ರೀಕಲ್ಲೂ ಬಿಡುತ್ತೆ. ಮತ್ತಾಯ 27:50ರಲ್ಲಿ ಯೇಸು ಶಿಲುಬೆ ಮೇಲೆ ಪ್ರಾಣ ಬಿಟ್ಟಾಗ್ಲೂ ಇದೇ ಕ್ರಿಯಾಪದ, ಅಫೇಕೆನ್. ಆ ಶನಿವಾರ ಬಸ್ಸಲ್ಲಿ ವಾಪಸ್ ಬರ್ತಾ ನಾನು ಅದನ್ನೇ ಗುನುಗ್ತಿದ್ದೆ. ಹೊಸ ಒಡಂಬಡಿಕೇಲಿ ಈ ಪದ ಸುಮಾರು 140 ಸಲ ಬರುತ್ತೆ, ಅದರಲ್ಲಿ ಕ್ಷಮಿಸು ಅನ್ನೋ ಅರ್ಥಕ್ಕೆ ಬರೋದು ಒಂದು ಪಾಲು ಅಷ್ಟೇ, ಉಳಿದಿದ್ದೆಲ್ಲ ಬಲೆ ಬಿಡೋದು, ಊರು ಬಿಡೋದು, ಮಕ್ಕಳನ್ನ ಹತ್ರ ಬರೋಕೆ ಬಿಡೋದು, ಈ ತರ.

ವ್ಯಾಕರಣದಲ್ಲಿ ನನ್ನ ಮನಸ್ಸಲ್ಲಿ ಕೂತುಬಿಟ್ಟಿರೋದು ನಾಲ್ಕನೇ ವಾರದ್ದು. ಗ್ರೀಕಲ್ಲಿ ಅಯೋರಿಸ್ಟ್ ಅಂತ ಒಂದು ಕಾಲರೂಪ ಇದೆ, ಸಾಮಾನ್ಯವಾಗಿ ನಡೆದುಹೋದ ಕೆಲಸ ಹೇಳೋಕೆ. ಹೆಚ್ಚಿನ ಕ್ರಿಯಾಪದಕ್ಕೆ ಅದರಲ್ಲಿ ಸಕಾರ ಸೇರುತ್ತೆ, ಆದ್ರೆ ಮೂರು ಕ್ರಿಯಾಪದಕ್ಕೆ ಸಕಾರದ ಜಾಗದಲ್ಲಿ ಕಕಾರ ಬರುತ್ತೆ. ದಿದೋಮಿ, ಎದೋಕ. ತಿಥೇಮಿ, ಎಥೇಕ. ಅಫಿಯೇಮಿ, ಅಫೇಕ. ಈ ಮೂರರ ಅರ್ಥ ಕೊಡು, ಇಡು, ಬಿಡು. ಈಗ ಕನ್ನಡದ ಭೂತಕಾಲ ನೋಡಿ: ಮಾಡು ಮಾಡಿದ, ಹಾಡು ಹಾಡಿದ, ನೋಡು ನೋಡಿದ ಅಂತ ಸಲೀಸಾಗಿ ಹೋಗುತ್ತೆ, ಕೊಡು ಇಡು ಬಿಡು ಮಾತ್ರ ಕೊಟ್ಟ, ಇಟ್ಟ, ಬಿಟ್ಟ. ಗ್ರೀಕಿನ ಆ ಮೂರೂ ಕನ್ನಡದಲ್ಲೂ ದಾರಿ ತಪ್ಪುತ್ತೆ, ಒಟ್ಟಿಗೇ ತಪ್ಪುತ್ತೆ! ಕನ್ನಡದಲ್ಲಿ ನೆಟ್ಟ, ಸುಟ್ಟ, ಉಟ್ಟ ಅಂತ ಇನ್ನೂ ಇವೆ, ಎರಡು ಭಾಷೆಗೂ ರಕ್ತಸಂಬಂಧ ಏನಿಲ್ಲ, ಕಾಕತಾಳೀಯ ಅಂತ ಮೇಷ್ಟ್ರು ಎರಡು ಸಲ ಒತ್ತಿ ಹೇಳಿದ್ರು, ಆದ್ರೆ ಆ ಪಟ್ಟಿ ನಾನು ಈ ಜನ್ಮದಲ್ಲಿ ಮರೆಯಲ್ಲ. ಆಜ್ಞಾರೂಪದಲ್ಲಿ ಕಕಾರ ಹೋಗಿ ಬರೀ ದೊಸ್, ಥೆಸ್, ಅಫೆಸ್ ಆಗುತ್ತೆ, ನಮ್ಮ ಕೊಡು ಇಡು ಬಿಡು ಅಷ್ಟೇ ಚಿಕ್ಕದು. ಮತ್ತಾಯ 6ನೇ ಅಧ್ಯಾಯದ ಕರ್ತನ ಪ್ರಾರ್ಥನೇಲಿ 11ನೇ ವಚನದಲ್ಲಿ ದೊಸ್ ಇದೆ, ರೊಟ್ಟಿ ಕೊಡು, 12ನೇ ವಚನದಲ್ಲಿ ಅಫೆಸ್ ಇದೆ, ಬಿಡು. ಕೊಡು ಅಂತ ಕೇಳಿದ ತಕ್ಷಣ ಬಿಡು ಅಂತ ಕೇಳೋದು, ಕೈ ಚಾಚಿ ಕೇಳೋ ಎರಡು ಮಾತು ಪಕ್ಕಪಕ್ಕ.

ಬಿಡು ಅಂದ್ರೆ ಏನನ್ನ? ಆ ಹುಡುಗಿ ಕೇಳಿದ ಪ್ರಶ್ನೆ ಇಲ್ಲಿಗೆ ಬಂತು. ಮತ್ತಾಯದಲ್ಲಿ ಇರೋದು ಒಫೆಯ್ಲೇಮತ, ಕೊಡಬೇಕಾದ್ದು, ಬಾಕಿ. ಲೂಕ 11:4ರಲ್ಲಿ ಮೊದಲರ್ಧಕ್ಕೆ ಪಾಪಗಳು ಅಂತ ಇದೆ, ಎರಡನೇ ಅರ್ಧಕ್ಕೆ ಬಂದಾಗ ನಮಗೆ ಬಾಕಿ ಇರೋ ಪ್ರತಿಯೊಬ್ಬರಿಗೂ ಅಂತ ಸಾಲದ ಮಾತೇ ಉಳ್ಕೊಂಡಿದೆ. ಯೇಸು ಮಾತಾಡ್ತಿದ್ದ ಅರಾಮಾಯಿಕ್‌ನಲ್ಲಿ ಹೋಬಾ ಅನ್ನೋ ಒಂದೇ ಪದಕ್ಕೆ ಸಾಲ, ಪಾಪ ಎರಡೂ ಅರ್ಥ. ಅಂದ್ರೆ ಆ ಮಗು ಕೇಳಿದ್ದಕ್ಕೆ ಸರಿಯಾದ ಉತ್ತರ, ಎರಡೂ ಒಂದೇ ಅಂತ ಅಲ್ಲ, ತಪ್ಪನ್ನ ಸಾಲದ ಹಾಗೆ ಲೆಕ್ಕ ಹಾಕಿ ಹೇಳಿದಾರೆ ಅಂತ. ಮುಂದಿನ ಭಾನುವಾರ ಅವಳಿಗೆ ಹಾಗೇ ಹೇಳಿದೆ.

ವಿಭಕ್ತಿ ವಿಷಯ ಇನ್ನೂ ಸೂಕ್ಷ್ಮ. ನಾವು ಸಾಮಾನ್ಯವಾಗಿ ನನ್ನನ್ನು ಕ್ಷಮಿಸು ಅಂತೀವಿ, ಮನುಷ್ಯ ದ್ವಿತೀಯೇಲಿ ಬರ್ತಾನೆ. ಗ್ರೀಕಿನ ಆ ಪ್ರಾರ್ಥನೇಲಿ ಬಾಕಿ ದ್ವಿತೀಯೆ, ಮನುಷ್ಯರು ಚತುರ್ಥಿ. ನಮಗೆ ನಮ್ಮ ಬಾಕಿಗಳನ್ನ ಬಿಡು. ಬಿಡಬೇಕಾದ್ದು ಬಾಕಿಯನ್ನ, ಮನುಷ್ಯನನ್ನಲ್ಲ. ಮನುಷ್ಯನನ್ನೇ ದ್ವಿತೀಯೇಲಿ ಇಟ್ಟರೆ ಏನಾಗುತ್ತೆ ಅಂತ ತೋರಿಸೋಕೆ ಮಾರ್ಕ 14:50 ಓದಿಸಿದ್ರು, ಗೆತ್ಸೆಮನೆ ತೋಟದಲ್ಲಿ ಎಲ್ಲರೂ ಆತನನ್ನ ಬಿಟ್ಟು ಓಡಿಹೋದ್ರು. ಅಲ್ಲಿರೋದು ಅಫೆಂತೆಸ್, ಮೊದಲನೇ ಅಧ್ಯಾಯದಲ್ಲಿ ಬಲೆ ಬಿಟ್ಟು ಹೋದಾಗ ಇದ್ದ ಅದೇ ರೂಪ, ಒಂದು ಅಕ್ಷರ ವ್ಯತ್ಯಾಸ ಇಲ್ಲ. ಬಲೆಗಳನ್ನ ಬಿಟ್ಟು ಆತನ ಹಿಂದೆ ಹೋದೋರು, ಆತನನ್ನ ಬಿಟ್ಟು ಓಡಿದ್ರು. ಇದನ್ನ ಓದಿದ ಮೇಲೆ ಕ್ಲಾಸಲ್ಲಿ ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ, ಮೇಷ್ಟ್ರೂ ಮಾತಾಡಿಸಲಿಲ್ಲ. ಹಂಗಂತ ಕನ್ನಡದವರು ಕ್ಷಮಿಸು ಅಂತ ಮಾಡಿರೋದು ತಪ್ಪೇನಲ್ಲ, ದೇವರ ಮುಂದೆ ನನ್ನನ್ನ ಬಿಡು ಅಂದ್ರೆ ಕನ್ನಡದಲ್ಲಿ ಕೈಬಿಡು ಅಂತ ಕೇಳುತ್ತೆ. ಆದ್ರೆ ಕ್ಷಮೆ ಅನ್ನೋದು ಸಂಸ್ಕೃತದಲ್ಲಿ ತಾಳಿಕೊಳ್ಳೋದು, ಸಹಿಸೋದು, ಭೂಮಿಗೂ ಕ್ಷಮಾ ಅಂತ ಹೆಸರಿದೆ. ಸಾಲದ ಚೀಟಿ ಇಟ್ಟುಕೊಂಡೇ ತಾಳಿಕೊಳ್ಳಬಹುದು. ಅಫಿಯೇಮಿಯಲ್ಲಿ ಚೀಟಿ ಕೈಯಲ್ಲಿ ಇಟ್ಟುಕೊಳ್ಳೋಕೆ ಜಾಗ ಇಲ್ಲ.

ಐದನೇ ವಾರ ಸತ್ಯವೇದದ, ಅಂದ್ರೆ ಬೈಬಲಿನ, ಆಚೆಗೆ ಕರ್ಕೊಂಡು ಹೋದ್ರು, ಲೆಕ್ಕ ಬರೆಯೋಳಿಗೆ ಇದು ಹಬ್ಬ. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕಿದ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿರೋ ರೊಸೆಟ್ಟಾ ಕಲ್ಲಿದೆಯಲ್ಲ, ಕ್ರಿ.ಪೂ. 196ರದ್ದು, ಅದರ ಗ್ರೀಕ್ ಬರಹದಲ್ಲಿ ಐದನೇ ಟಾಲೆಮಿ ರಾಜ ಕೆಲವು ಕಂದಾಯಗಳನ್ನ ಪೂರ್ತಿ ಮನ್ನಾ ಮಾಡಿದ, ಕೆಲವನ್ನ ಕಮ್ಮಿ ಮಾಡಿದ ಅಂತ ಬರೆದಿದೆ. ಮನ್ನಾ ಅನ್ನೋ ಜಾಗದಲ್ಲಿರೋ ಪದ ಅಫೇಕೆನ್. ಜ್ವರ ಬಿಟ್ಟಾಗ ಇದ್ದಿದ್ದೂ ಅದೇ, ಪ್ರಾಣ ಬಿಟ್ಟಾಗ ಇದ್ದಿದ್ದೂ ಅದೇ. ನಮ್ಮ ಕಡೆ ಶಾಸನಗಳಲ್ಲೂ ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಭೂಮಿ ಕೊಟ್ಟಾಗ ಬಿಟ್ಟ ದತ್ತಿ, ಸರ್ವಮಾನ್ಯವಾಗಿ (ಕಂದಾಯ ಇಲ್ಲದೆ) ಬಿಟ್ಟರು ಅಂತಾನೇ ಬರೋದು, ಬಿ.ಎಲ್. ರೈಸ್ 1905ರಲ್ಲಿ ತಂದ ಕೋಲಾರ ಜಿಲ್ಲೆ ಶಾಸನಗಳ ಸಂಪುಟವನ್ನ ಮೇಷ್ಟ್ರು ಮೇಜಿನ ಮೇಲೆ ಇಟ್ಟಿದ್ರು. ಇದೇ ಕ್ರಿಯಾಪದದಿಂದ ಹುಟ್ಟಿದ ನಾಮಪದ ಅಫೆಸಿಸ್. ಹಳೇ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಯಾಜಕಕಾಂಡ 25ರ, ಐವತ್ತು ವರ್ಷಕ್ಕೊಂದು ಸಲ ಬರೋ ಜೂಬಿಲಿ ವರ್ಷದ ಬಿಡುಗಡೆಗೆ, ಧರ್ಮೋಪದೇಶಕಾಂಡ 15ರಲ್ಲಿ ಏಳು ವರ್ಷಕ್ಕೊಂದು ಸಲ ಸಾಲ ಬಿಡೋದಕ್ಕೆ ಬಳಸಿರೋದು ಅದನ್ನೇ. ಬಿಡುಗಡೆ ಅನ್ನೋ ನಮ್ಮ ಪದದೊಳಗೂ ಬಿಡು ಇದೆ.

ಆಮೇಲೆ ಮತ್ತಾಯ 18ರ ಸಾಮ್ಯ, ಅಂದ್ರೆ ಯೇಸು ಹೇಳಿದ ನೀತಿಕಥೆ, ರಾಜನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಿದ್ದ ಆಳಿನದು. ಒಂದು ತಲಾಂತಿಗೆ 6,000 ದೇನಾರಿ, ಒಂದು ದೇನಾರಿ ಒಂದು ದಿನದ ಕೂಲಿ. ಮೇಷ್ಟ್ರು ಲೆಕ್ಕ ನನ್ನ ಕೈಲೇ ಮಾಡಿಸಿದ್ರು. 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದ್ರೆ 2 ಲಕ್ಷ ವರ್ಷ. ನಮ್ಮ ಕಡೆ ಕೂಲಿ ದಿನಕ್ಕೆ 600 ಅಂತ ಹಿಡಿದ್ರೆ 3,600 ಕೋಟಿ ರೂಪಾಯಿ. ಅಷ್ಟನ್ನ ರಾಜ ಬಿಟ್ಟ. ಆ ಆಳು ಹೊರಗೆ ಬಂದು ಜೊತೆ ಆಳಿನ ಕತ್ತು ಹಿಡಿದಿದ್ದು 100 ದೇನಾರಿಗೆ, ನಮ್ಮ ಲೆಕ್ಕಕ್ಕೆ 60,000. ಅರವತ್ತು ಸಾವಿರ ಸಣ್ಣ ದುಡ್ಡಲ್ಲ, ನಮ್ಮ ಮಂಡೀಲಿ ಅಷ್ಟಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನ ನೋಡಿದೀನಿ. ಆ ಆಳಿಗೆ ಬರಬೇಕಾಗಿದ್ದು ನಿಜವಾದ ಬಾಕಿನೇ, ಸುಳ್ಳಲ್ಲ. ಇದನ್ನ ಸರಿಯಾಗಿ ಹೇಳಿಕೊಟ್ಟೋರು ನನಗೆ ಇವರೇ ಮೊದಲು.

ಆರನೇ ವಾರ ಅಫೇಕಮೆನ್. ಮತ್ತಾಯ 6:12ರ ಎರಡನೇ ಅರ್ಧದಲ್ಲಿ, ನಾವೂ ನಮ್ಮ ಸಾಲಗಾರರಿಗೆ ಬಿಟ್ಟ ಹಾಗೆ, ಅಂತ ಅಯೋರಿಸ್ಟ್ ಇದೆ, ನಾಲ್ಕನೇ ಶತಮಾನದ ಕೈಬರಹದ ವ್ಯಾಟಿಕನ್ ಪ್ರತೀಲಿ ಹಾಗಿದೆ. ಆಮೇಲಿನ ಬಹಳ ಪ್ರತಿಗಳಲ್ಲಿ ವರ್ತಮಾನ, ಅಫಿಯೆಮೆನ್, ಬಿಡುತ್ತೇವೆ ಅಂತ. ಲೂಕದಲ್ಲೂ ವರ್ತಮಾನನೇ. ಇಲ್ಲಿ ಮೇಷ್ಟ್ರು ಒಂದು ತಪ್ಪನ್ನೂ ತಿದ್ದಿದ್ರು, ಪ್ರಸಂಗಗಳಲ್ಲಿ ಅಯೋರಿಸ್ಟ್ ಅಂದ್ರೆ ಒಂದೇ ಸಲಕ್ಕೆ ಶಾಶ್ವತವಾಗಿ ಮುಗೀತು ಅಂತ ಅರ್ಥ ಅಂತಾರಲ್ಲ, ಅದು ಸರಿಯಲ್ಲ, ಅಯೋರಿಸ್ಟ್ ಒಂದು ಕೆಲಸವನ್ನ ಇಡಿಯಾಗಿ ನೋಡುತ್ತೆ ಅಷ್ಟೇ, ಎಷ್ಟು ಸಲ ಅನ್ನೋದನ್ನ ಸಂದರ್ಭ ಹೇಳಬೇಕು. ಆದ್ರೂ ಬಿಟ್ಟ ಹಾಗೆ ಅನ್ನೋದಕ್ಕೂ ಬಿಡುತ್ತೇವೆ ಅನ್ನೋದಕ್ಕೂ ಬಾಯಲ್ಲಿ ಎಷ್ಟು ವ್ಯತ್ಯಾಸ! ಬಿಡ್ತೀನಿ ಅಂತ ಹೇಳಿ ನಾಳೆಗೆ ಇಟ್ಕೋಬಹುದು. ಬಿಟ್ಟ ಹಾಗೆ ಅಂತ ಹೇಳಬೇಕಾದ್ರೆ ಬಿಟ್ಟಿರಬೇಕು.

ಇದು ನನಗೆ ಯಾಕೆ ಚುಚ್ತು ಅಂತ ಹೇಳ್ಬೇಕು. ನಮ್ಮ ದೊಡ್ಡಪ್ಪನ ಮಗ ಬೋರ್‌ವೆಲ್ ಕೊರೆಸೋಕೆ ಅಂತ ನನ್ನ ಹತ್ರ 40,000 ಕೈಸಾಲ ತಗೊಂಡಿದ್ದ, 1,200 ಅಡಿ ಹೋದ್ರೂ ನೀರು ಬರಲಿಲ್ಲ, ದುಡ್ಡೂ ಬರಲಿಲ್ಲ. ಕೇಳಿದೋರಿಗೆಲ್ಲ ನಾನು ಅಯ್ಯೋ ಅದನ್ನ ಯಾವತ್ತೋ ಬಿಟ್ಟೆ ಅಂತಾನೇ ಹೇಳ್ತಿದ್ದೆ. ಆದ್ರೆ ಪ್ರತಿ ಜನವರೀಲಿ ಹೊಸ ಡೈರಿ ತೆಗೆದಾಗ ಮೊದಲನೇ ಪುಟದಲ್ಲಿ ಹಿಂದಿನ ಬಾಕಿ ಅಂತ ಅಣ್ಣನ ಹೆಸರು, ಮುಂದೆ 40,000. ಅಭ್ಯಾಸ ಬಲ, ಮಂಡೀಲಿ ಹಾಗೇ ಮಾಡೋದು. ಐದು ಡೈರೀಲಿ ಐದು ಸಲ ನನ್ನ ಕೈಯಾರೆ ಇಳಿಸಿ ಬರೆದಿದ್ದೆ, ಪ್ರತಿ ಭಾನುವಾರ ಸಭೇಲಿ ನಿಂತು ಆ ಪ್ರಾರ್ಥನೆ ಹೇಳ್ತಿದ್ದೆ. ಆರನೇ ವಾರ ಮುಗಿಸಿ ಮನೆಗೆ ಬಂದು ಡೈರಿ ತೆಗೆದು ಆ ಸಾಲಿನ ಮುಂದೆ ವಜಾ ಅಂತ ಬರೆದು ತಾರೀಖು ಹಾಕಿದೆ. ಆ ವಾರವೇ ಊರಿಗೆ ಹೋಗಿ "ಅಣ್ಣಾ, ಆ ದುಡ್ಡು ಇಲ್ಲ ಅಂದ್ಕೊ, ನಾನು ಬರೆದು ತೆಗೆದುಬಿಟ್ಟೆ" ಅಂದೆ. ಅವನು ಏನೂ ಮಾತಾಡಲಿಲ್ಲ, ಎದ್ದು ಹಿತ್ತಲಿಗೆ ಹೋದ, ಬಹಳ ಹೊತ್ತು ಬರಲಿಲ್ಲ, ಬರೋವಾಗ ಒಂದು ಚೀಲ ಅವರೆಕಾಯಿ ಕಿತ್ಕೊಂಡು ಬಂದು ನನ್ನ ಕೈಗೆ ಕೊಟ್ಟ.

ಏಳನೇ ವಾರ ಪಾರ್ಶ್ವವಾಯು ರೋಗಿ ಕಥೆ. ಮಾರ್ಕ 2:5ರಲ್ಲಿ ಯೇಸು ಅವನಿಗೆ ಹೇಳೋದು ನಿನ್ನ ಪಾಪಗಳು ಅಫಿಯೆಂತೈ, ಬಿಟ್ಟುಹೋಗ್ತಾ ಇವೆ, ಅದೇ ಕಥೆ ಲೂಕ 5:20ರಲ್ಲಿ ಅಫೆಯೋಂತೈ, ಬಿಟ್ಟುಹೋಗಿವೆ. ಕರ್ಮಣಿ ಪ್ರಯೋಗ, ಯಾರು ಬಿಟ್ಟರು ಅಂತ ಹೇಳಿಲ್ಲ, ಅದಕ್ಕೇ ಅಲ್ಲಿ ಕೂತಿದ್ದ ಶಾಸ್ತ್ರಿಗಳು ದೇವರೊಬ್ಬನೇ ಹೊರತು ಬೇರೆ ಯಾರು ಬಿಡೋಕಾಗುತ್ತೆ ಅಂತ ಮನಸ್ಸಲ್ಲಿ ಅಂದ್ಕೊಂಡಿದ್ದು.

ಈಗ ಕೊರತೆಗಳು, ಇವನ್ನ ನೇರವಾಗೇ ಹೇಳ್ತೀನಿ. ಜೆರಾಕ್ಸ್ ನೋಟ್ಸು ಬಹಳ ಮಸುಕು, ಅಕ್ಷರ ಸಣ್ಣದು, ಈಟಾ ಯಾವುದು ನ್ಯೂ ಯಾವುದು ಅಂತ ಕಣ್ಣಿಗೆ ಹತ್ತಿರ ಹಿಡಿದು ನೋಡ್ಬೇಕು. ಸ್ವರದ ಏರಿಳಿತದ ಗುರುತುಗಳನ್ನ ಹೇಳಿಕೊಡೋದೇ ಇಲ್ಲ, ಹಕಾರದ ಗುರುತು ಒಂದನ್ನ ಬಿಟ್ಟು. ಕೊನೆ ಮೂರು ವಾರ ಓಡಿಸಿದ್ರು, ಹೊಸ ಒಡಂಬಡಿಕೆಯ ಪತ್ರಗಳನ್ನ ಬರೆದ ಪೌಲನಿಗೆ ಒಂದೇ ಶನಿವಾರ ಸಿಕ್ಕಿದ್ದು. ಪೌಲ ಕ್ಷಮಿಸು ಅನ್ನೋಕೆ ಹೆಚ್ಚಾಗಿ ಅಫಿಯೇಮಿ ಬಳಸಲ್ಲ, ಖರಿಜೊಮೈ ಅಂತ ಬಳಸ್ತಾನೆ, ಕೃಪೆ ಅನ್ನೋಕಿರೋ ಖರಿಸ್ ಪದದ ಮನೆಯದು, ಎಫೆಸ 4:32 ನೋಡಿ. ರೋಮಾಪುರ 4:7ರಲ್ಲಿ ಅಫಿಯೇಮಿ ಬರೋದು ಕೀರ್ತನೆ 32ರ ಮಾತು ಎತ್ತಿಕೊಂಡಾಗ. ಇದಕ್ಕೆ ಕನಿಷ್ಠ ಎರಡು ವಾರ ಬೇಕಿತ್ತು, ನಾನು ಮೇಷ್ಟ್ರಿಗೂ ಹೇಳಿದೀನಿ. ಮಹಡಿ ಮೆಟ್ಟಿಲಿಗೆ ಕಂಬಿ ಇಲ್ಲ, ವಯಸ್ಸಾದವರು ಹುಷಾರು. ಬಂಗಾರಪೇಟೆ ಮಾಲೂರು ಕಡೆಯವರು 7ಕ್ಕೆ ಸರಿಯಾಗಿ ಎದ್ದು ಬಿಡಿ, ಮೇಷ್ಟ್ರು ಮಾತಿಗೆ ಕೂತ್ರೆ 8 ಆಗುತ್ತೆ.

ಗ್ರೀಕ್ ಪೂರ್ತಿ ಕಲಿತು ಸುವಾರ್ತೆ ಓದಬೇಕು ಅನ್ನೋರಿಗೆ ಹತ್ತು ವಾರಕ್ಕೆ ಅದು ಆಗಲ್ಲ. ಪ್ರಸಂಗ ಮಾಡೋರು, ಸಂಡೇ ಸ್ಕೂಲ್ ಟೀಚರ್ಸ್ ಖಂಡಿತ ಹೋಗಿ. ಕನ್ನಡ ವ್ಯಾಕರಣ ಹೈಸ್ಕೂಲಲ್ಲಿ ಓದಿದ್ದು ನೆನಪಿದ್ರೆ ಸಾಕು, ಸಂಧಿ ವಿಭಕ್ತಿ ಒಂದು ಸಲ ತಿರುವಿ ಹಾಕ್ಕೊಂಡು ಹೋಗಿ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಕಳೆದಿದ್ದು ಪೌಲನ ವಾರಕ್ಕೆ. ಮುಂದಿನ ಬ್ಯಾಚಲ್ಲಿ ದಿದೋಮಿ ತಗೋತಾರಂತೆ, ಕೊಡು. ನಾನು ಆಗಲೇ ಹೆಸರು ಬರೆಸಿದೀನಿ, ಬರೋರು ಹೇಳಿ, ಒಟ್ಟಿಗೆ ಹೋಗೋಣ.